ಪಾವ್-ಚು ಕಲಿಸಿದ್ದು

ನಮ್ಮ ಬಂದರಿನ ಮೀನಿನ ಹರಾಜುಕಟ್ಟೆಯ ಹಿಂದೆ, ಆಲದ ನೆರಳಿನಲ್ಲಿ, ಪಾವ್-ಚು ಜನರ ಪಾದ ಒತ್ತುತ್ತಾಳೆ. ಪಕ್ಕದಲ್ಲೇ ನನ್ನ ಮೀನುಂಡೆ ಸಾರಿನ ಗಾಡಿ.

ಪಾದ ಒತ್ತುವುದಕ್ಕೂ ಮೊದಲು ಅವಳು ಇಪ್ಪತ್ತು ವರ್ಷ ಐಸ್ ನೀರಿನಲ್ಲಿ ನಿಂತು ಮೀನು ಕೊಯ್ದವಳು. ಮೊಣಕಾಲು ಊದಿ, ನಿದ್ದೆ ಹಾರಿಹೋಗಿ, ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ಆಗ ಬೆಳಿಗ್ಗೆ ಕಡಲಂಚಿನ ಉರುಟುಕಲ್ಲುಗಳ ಮೇಲೆ ಬರಿಗಾಲಲ್ಲಿ ನಡೆಯತೊಡಗಿದಳು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಅಂಗಾಲಿನ ಎಲ್ಲಿ ಒತ್ತಿದರೆ ಸೊಂಟ ಸಡಿಲವಾಗುತ್ತದೆ, ಎಲ್ಲಿ ಒತ್ತಿದರೆ ನಿದ್ದೆ ಬರುತ್ತದೆ ಎಂಬುದು ಮೆಲ್ಲಗೆ ತಿಳಿಯಿತು. ಅಲೆ ಬಂದಾಗ ಒತ್ತಬೇಕು, ಸರಿದಾಗ ಬಿಡಬೇಕು. ಬಿಡಲು ಬಾರದವರು ಒತ್ತಲೇಬಾರದು ಎನ್ನುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅವಳ ಮುಖದ ಗಂಟೇ ಬಿಚ್ಚಿತ್ತು.

ತೈಪೆಯಿಂದ ಶು-ಯುನ್ ಎಂಬವಳು ನಿದ್ದೆಯಿಲ್ಲದೆ ಸೊರಗಿ ಬಂದಳು. ಒಂದು ಬೇಸಿಗೆ ಪೂರ್ತಿ ಪಾವ್-ಚುವಿನ ಮನೆಯಲ್ಲೇ ಉಳಿದು, ಗೆಣಸಿನ ಗಂಜಿ ಉಂಡು, ಜೊತೆಯಲ್ಲಿ ಕಲ್ಲು ತುಳಿದಳು. ವಿದ್ಯೆಯನ್ನೂ ಕಲಿತಳು. ಒಡಹುಟ್ಟಿದವರಿಲ್ಲದ ಪಾವ್-ಚುವಿಗೆ ತಂಗಿ ಸಿಕ್ಕಂತಾಗಿತ್ತು. ಹೊರಡುವಾಗ ಶು-ಯುನ್ ನೆನಪಿಗೆಂದು ಅವಳ ಪಾದಗಳ ಫೋಟೊ ತೆಗೆದುಕೊಂಡಳು.

ಮರುವರ್ಷ ದೋಣಿ ನಡೆಸುವ ಆ-ತೆಂಗ್ ಎಂಬವನು ತೈಪೆಯಿಂದ ಒಂದು ಪುಸ್ತಕ ತಂದ. ಬರೆದವಳು ಶು-ಯುನ್. ಒಳಗೆ ಪಾವ್-ಚುವಿನ ಪಾದಗಳ ಅದೇ ಫೋಟೊ. ಕೆಳಗೆ, “ನನ್ನ ಚಿಕಿತ್ಸೆಯಿಂದ ಗುಣವಾದ ಮೀನುಗಾರ್ತಿ” ಎಂದಿತ್ತು.

“ನಿಂಗೂ ಒಬ್ರು ಡಾಕ್ಟ್ರು ಇದ್ರು ಅಂತ ಹೇಳ್ಲೇ ಇಲ್ವಲ್ಲಕ್ಕ,” ಎಂದ ಆ-ತೆಂಗ್. ಹರಾಜುಕಟ್ಟೆಯಲ್ಲಿ ಆ ಮಾತು ಹದಿನೈದು ದಿನ ಓಡಾಡಿತು. ಕೊನೆಗೆ ಪಾವ್-ಚು ರೈಲು ಹತ್ತಿದಳು.

ತೈಪೆಯಲ್ಲಿ ಶು-ಯುನ್ ತೆರೆದಿದ್ದ ಪಾದ ಒತ್ತುವ ಅಂಗಡಿಯಲ್ಲಿ ಗಿರಾಕಿಯಂತೆ ಕುಳಿತು, ಶುಂಠಿ ನೀರಿನ ಮರದ ಬಕೆಟ್ಟಿನಲ್ಲಿ ಕಾಲಿಟ್ಟಳು. ಶು-ಯುನ್ ತಲೆ ಬಗ್ಗಿಸಿಕೊಂಡೇ ಬಂದು ಪಾದ ಹಿಡಿದಳು. ಹೆಬ್ಬೆರಳು ಗುರುತಿನ ಹಿಮ್ಮಡಿಗೆ ಬಂದು ನಿಂತಿತು.

“ಅಕ್ಕ, ಹೇಳ್ದೇ ಬಂದ್ರಿ.”

“ನೀನು ಹೇಳಿ ಬರೆದ್ಯಾ?”

ಶು-ಯುನ್ ದನಿ ತಗ್ಗಿಸಿದಳು. “ಮೀನು ಕೊಯ್ಯೋರು ಕಲಿಸಿದ್ದು ಅಂದ್ರೆ ಇಲ್ಲಿ ಯಾರು ಕಾಲು ಕೊಡ್ತಾರಕ್ಕ? ವಿದ್ಯೆ ಉಳೀಬೇಕಲ್ವಾ?”

“ನನ್ನ ಹೆಸ್ರು ಹಾಕ್ಬೇಡ, ಹೋಗ್ಲಿ. ರೋಗಿ ಅಂತ ಯಾಕೆ ಬರೆದೆ?”

ಶು-ಯುನ್ ಒತ್ತುತ್ತಲೇ ಇದ್ದಳು. ಒತ್ತುವುದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಎಲ್ಲಿ ಬಿಡಬೇಕೋ ಅಲ್ಲೇ ಬಿಡುತ್ತಿದ್ದಳು. ಹೆಚ್ಚು ನೋವಾದದ್ದೇ ಅದಕ್ಕೆ ಎಂದು ಪಾವ್-ಚು ನನಗೆ ಆಮೇಲೆ ಹೇಳಿದಳು. ಅವಳು ಕಾಲು ಎಳೆದುಕೊಂಡು, ತಾನೇ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಬಂದುಬಿಟ್ಟಳು.

ಕಲ್ಲು ತುಳಿಯುವುದನ್ನು ಅವಳು ಬಿಟ್ಟಿಲ್ಲ. ಒಬ್ಬಳೇ ಹೋಗುತ್ತಾಳೆ. ಮರದಡಿ ಈಗ ಸುತ್ತಲೂ ಟಾರ್ಪಾಲಿನ ಮರೆ ಕಟ್ಟಿದ್ದಾಳೆ. ಅಂಗಾಲಿನ ಆ ಜಾಗ ಯಾಕೆ ಒತ್ತಿದ್ದು ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತಾಳೆ.

ನನ್ನ ಮಗಳಿಗೆ ಕಲಿಯುವ ಆಸೆಯಿತ್ತು. ಹೋಗಿ ಕೇಳಿದೆ. ಪಾವ್-ಚು ಬಹಳ ಹೊತ್ತು ಕೈ ಒರೆಸಿಕೊಂಡಳು.

“ನಿನ್ನ ಮಗಳು ಒಳ್ಳೆಯವ್ಳೇ ಕಣೆ,” ಎಂದಳು. “ಅವ್ಳೂ ಒಳ್ಳೆಯವ್ಳೇ ಇದ್ಲು.”

ಮಗಳು ಈಗ ಐಸ್ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ.