ಮೌಲಾಸಾಬರು ತಂದ ಕಬ್ಬಿಣದ ಪೈಪು

ಸ್ನೇಹಿತರೇ, ಇವತ್ತು ರವಿವಾರ ಬೆಳಿಗ್ಗೆ ಬೆಳವಣಕಿಯ ನಮ್ಮ ಹೊಸ ಮನೆಯ ಕಾಳಿನ ಕೋಣೆಯಲ್ಲಿ ಫಟ್ ಎಂದು ಸದ್ದಾಗಿ ಮನೆಯಿಡೀ ಕರೆಂಟ್ ಹೋಯಿತು. ವೈರಿಂಗ್ ಮಾಡಿದ್ದ ಮೌಲಾಸಾಬರಿಗೆ ಫೋನ್ ಹಚ್ಚಿ, ಓಣಿಗೆಲ್ಲ ಕೇಳುವಂತೆ ಬೈದೆ: "ವರ್ಷ ತುಂಬಿಲ್ಲ, ಇದೇನ್ರಿ ನಿಮ್ಮ ಕೆಲಸ?"

"ಬಂದೆ ಸರ್ರ," ಎಂದಷ್ಟೇ ಹೇಳಿದರು.

ಬಂದಾಗ ಬೈಕಿಗೆ ಕಬ್ಬಿಣದ ಪೈಪುಗಳನ್ನು ಕಟ್ಟಿಕೊಂಡಿದ್ದರು. ಮೇನ್ ಬಂದ್ ಮಾಡಿ, ಗೋಡೆಗೆ ಒಟ್ಟಿದ್ದ ಜೋಳದ ಚೀಲ ಸರಿಸಿದರು. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇಲಿ ಮೊಳದುದ್ದ ಕಡಿದಿತ್ತು. ಒಳಗಿನ ತಂತಿ ಕಾಣುತ್ತಿತ್ತು. ಇಲಿ ಅಲ್ಲೇ ಸತ್ತು ಬಿದ್ದಿತ್ತು.

"ನೋಡೂಕಿಂತ ಮೊದ್ಲ ಪೈಪ್ ಯಾಕ ತಂದ್ರಿ?" ಎಂದೆ.

"ಹೋದ ವಾರ ನೀವು ಚೀಲ ಇಳಿಸೂದು ನೋಡಿದ್ದೆರಿ."

ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಕಾಳಿನ ಖೋಲಿಗೆ ಕಬ್ಬಿಣದ ಪೈಪನ ಇರ್ಲಿ ಅಂತ ಅವ್ರು ವೈರಿಂಗ್ ಮಾಡೂ ಮುಂದನ ಬಡಕೊಂಡ್ರು. 'ಪೈಪ್ ಹಾಕಿದ್ರ ಮನಿ ಹಿಟ್ಟಿನ ಗಿರಣಿ ಕಂಡಂಗ ಕಾಣ್ತೈತಿ, ಕೇಬಲ್ಲ ಸಾಕು, ವಿಜ್ಞಾನ ಕಲಿಸಾಂವ ನಾನೋ ನೀವೋ' ಅಂದವ್ರು ಯಾರು?"

"ಇರ್ಲಿ ಬಿಡ್ರಿ ಅಕ್ಕಾರ," ಎಂದು ಮೌಲಾಸಾಬರು ನನ್ನತ್ತ ತಿರುಗಿದರು. "ಸರ್ರ, ಸ್ವಲ್ಪ ಏಣಿ ಹಿಡೀರಿ."

ಮಧ್ಯಾಹ್ನದವರೆಗೆ ಏಣಿ ಹಿಡಿದು ನಿಂತೆ. ಓಣಿಗೆಲ್ಲ ಕೇಳುವಂತೆ ಬೈದ ಬಾಯಿಂದ "ತಪ್ಪಾತ್ರಿ" ಎಂಬ ಮಾತು ಮಾತ್ರ ಅವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓಣಿಯವರೆಲ್ಲ ಇಲ್ಲಿದ್ದೀರಿ, ಓದಿಕೊಳ್ಳಿ.

ನಾಳೆ ಒಂಬತ್ತನೇ ತರಗತಿಗೆ ನಾನು ವಿದ್ಯುತ್ತಿನ ಪಾಠ ಮಾಡಬೇಕು. ಮೊದಲ ಬೆಂಚಿನಲ್ಲಿ ಮೌಲಾಸಾಬರ ಮಗಳು ಕೂರುತ್ತಾಳೆ.