ವಾಸಣ್ಣನ ನೀಲಿ ಬಾಣ

ವಾಸಣ್ಣ ಕಾಗದವನ್ನು ನೆಕ್ಕಿ ನೋಡುತ್ತಿದ್ದರು. ಮುಂಬಯಿ ಪಕ್ಕದ ತುರ್ಭೆಯ ನಮ್ಮ ಪ್ರೆಸ್ಸಿನ ಮುಂದೆ ಟೆಂಪೊ ನಿಂತು ಹೊಸ ಬಂಡಲ್ ಇಳಿಯಿತೆಂದರೆ, ಮೇಲಿನ ಹಾಳೆಯ ಒಂದು ಮೂಲೆ ಹರಿದು, ನಾಲಿಗೆ ತುದಿಗೆ ಮುಟ್ಟಿಸಿ, ಅಂಗೈ ಮೇಲಿಟ್ಟುಕೊಂಡು ಸುಮ್ಮನೆ ಕಾಯುವರು. ಒದ್ದೆಯಾದ ಚೂರು ನಿಧಾನಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಸುತ್ತಿಕೊಂಡ ರೀತಿ ನೋಡಿ ಕಾಗದದ ಎಳೆ ಯಾವ ದಿಕ್ಕಿಗೆ ಮಲಗಿದೆ ಎಂದು ಹೇಳುವರು. ಕಟ್ಟಿಗೆಗೆ ಎಳೆ ಇರುವಂತೆ ಕಾಗದಕ್ಕೂ ಇರುತ್ತದೆ. ಪುಸ್ತಕದ ಬೆನ್ನು ಮತ್ತು ಕಾಗದದ ಎಳೆ ಒಂದೇ ದಿಕ್ಕಿಗಿದ್ದರೆ ಪುಟಗಳು ಮಾತು ಕೇಳುತ್ತವೆ. ಅಡ್ಡಡ್ಡ ಇದ್ದರೆ ಮುಗಿಯಿತು ಕಥೆ. ಪರೀಕ್ಷೆ ಮುಗಿದ ಮೇಲೆ ವಾಸಣ್ಣ ಕಿವಿಯ ಸಂದಿಯಿಂದ ನೀಲಿ ಪೆನ್ಸಿಲ್ ತೆಗೆದು, ಬಂಡಲಿನ ಮೇಲೆ ಎಳೆ ಇದ್ದ ದಿಕ್ಕಿಗೆ ಒಂದು ಬಾಣ ಬರೆಯುವರು. ಆ ಬಾಣ ಬೀಳದೆ ನಮ್ಮಲ್ಲಿ ಒಂದು ಹಾಳೆಯೂ ಕತ್ತರಿ ಮಷೀನಿಗೆ ಹೋಗುತ್ತಿರಲಿಲ್ಲ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ ಆ ಪ್ರೆಸ್ ಸೇರಿದ್ದೆ. ಮೊದಲ ದಿನವೇ ಈ ನೆಕ್ಕುವ ವ್ಯವಹಾರ ಕಂಡು ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಕಾಗದ ಅಂದ್ರ ಸರಸ್ವತಿ ಅಂತಾರ್ರೀ. ಸರಸ್ವತೀನ್ನ ಯಾರರೆ ನೆಕ್ತಾರೇನ್ರಿ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ತಾಯಿ ಅಲ್ವಾ ಮಾರಾಯ್ತಿ? ಮಗು ತಾಯಿಯನ್ನು ಬಾಯಿಯಿಂದಲೇ ಅಲ್ವಾ ಗುರುತು ಹಿಡಿಯುದು?"

ಅಷ್ಟು ಹೇಳಿ ಇನ್ನೊಂದು ಮೂಲೆ ಹರಿದರು. ಇವರ ಹತ್ತಿರ ಮಾತಿನಲ್ಲಿ ಗೆಲ್ಲುವುದು ನನ್ನ ಕೈಲಿ ಆಗದು ಅಂತ ಅವತ್ತೇ ತಿಳಿಯಿತು. ಆದರೂ ದಿನಾ ಜಗಳ ಆಡಿದೆ.

ವಾಸಣ್ಣ ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಎಲ್ಲರಂತೆ ಹೋಟೆಲಿಗೆ ಸೇರಿ, ಅಲ್ಲಿನ ಬಿಲ್ ಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಹೋದವರು ಮತ್ತೆ ಹೋಟೆಲಿಗೆ ವಾಪಸು ಹೋಗಲೇ ಇಲ್ಲವಂತೆ. ಮನೆ ದಿವಾದಲ್ಲಿ. ಅಲ್ಲಿ ಬೆಳಿಗ್ಗೆ ಲೋಕಲ್ ಹತ್ತುವುದೆಂದರೆ ಒಂದು ಯುದ್ಧ. ಆ ಯುದ್ಧ ಮುಗಿಸಿ ಠಾಣೆಯಲ್ಲಿ ಇಳಿದು, ತುರ್ಭೆಯ ಗಾಡಿ ಹಿಡಿಯುವ ಪ್ಲಾಟ್‌ಫಾರ್ಮಿನಲ್ಲಿ ನನಗೆ ಸಿಗುವರು. ಅಂಗಿ ಮುದ್ದೆಯಾಗಿರುತ್ತಿತ್ತು. ಜೇಬಿನಲ್ಲಿ ಸದಾ ಇಟ್ಟುಕೊಳ್ಳುತ್ತಿದ್ದ ಮಾದರಿ ಕಾಗದದ ಚೂರಿಗೆ ಮಾತ್ರ ಒಂದು ಮಡಿಕೆ ಬಿದ್ದಿರುತ್ತಿರಲಿಲ್ಲ. ಅದನ್ನು ಹೇಗೆ ಕಾಪಾಡುತ್ತಿದ್ದರೋ ದೇವರೇ ಬಲ್ಲ.

ಪ್ರೆಸ್ಸಿನಲ್ಲಿ ಅವರದು ಬೇರೆಯೇ ಕಾನೂನು. ಮಷೀನು ಶುರು ಮಾಡಿದ ಕೂಡಲೇ ಬಣ್ಣ ಸರಿ ಕೂರುವುದಿಲ್ಲ. ಮೊದಲ ನೂರಿನ್ನೂರು ಹಾಳೆ ಹಾಳಾಗುವುದೇ. ಅದಕ್ಕೆ ಹೊಸ ಕಾಗದ ಕೊಟ್ಟರೆ ವಾಸಣ್ಣ ಕೆಂಡವಾಗುವರು. ಹಿಂದಿನ ಕೆಲಸದಲ್ಲಿ ಕೆಟ್ಟ ಹಾಳೆಗಳನ್ನೇ ಮತ್ತೆ ಮತ್ತೆ ಓಡಿಸಬೇಕು. ಒಂದೇ ಹಾಳೆಯ ಮೇಲೆ ಗಣಪತಿ, ಅವನ ಮೇಲೆ ಪ್ರೆಶರ್ ಕುಕ್ಕರ್, ಅದರ ಮೇಲೆ ಹಲ್ಲುಜ್ಜುವ ಪೇಸ್ಟು, ಎಲ್ಲ ಸೇರಿ ಕೊನೆಗೆ ಕಪ್ಪು ಮುದ್ದೆ. ಇನ್ನು ಓಡಿಸಲು ಆಗದು ಎಂದಾಗಲೇ ಅದು ರದ್ದಿಗೆ. ರದ್ದಿಯಲ್ಲೂ ಬಿಳಿ ಅಂಚುಗಳು ಒಂದು ಗೋಣಿಯಲ್ಲಿ, ಅಚ್ಚಾದವು ಇನ್ನೊಂದರಲ್ಲಿ. ಪ್ಲಾಸ್ಟಿಕ್ ಪದರ ಅಂಟಿಸಿದ್ದನ್ನು ದೂರ ಇಡುವರು, ಮುಟ್ಟಬಾರದ್ದನ್ನು ಮುಟ್ಟಿದಂತೆ ಮುಖ ಮಾಡಿಕೊಂಡು.

ಲ್ಯಾಮಿನೇಶನ್ ಕಂಡರೆ ಅವರಿಗೆ ಅಷ್ಟು ಸಿಟ್ಟು. ಒಮ್ಮೆ ಕಲ್ಯಾಣ್ ಊರಿನ ಉಡುಪಿ ಹೋಟೆಲಿನ ಯಜಮಾನರೊಬ್ಬರು ಎರಡು ಕೆಲಸ ತಂದಿದ್ದರು: ಹೋಟೆಲಿನ ಮೆನು, ಮಗಳ ಮದುವೆಯ ಕಾಗದ. ಎರಡಕ್ಕೂ ಫಳಫಳ ಹೊಳೆಯುವ ಲ್ಯಾಮಿನೇಶನ್ ಬೇಕಂತೆ. ವಾಸಣ್ಣ ಕತ್ತರಿ ಮಷೀನು ನಿಲ್ಲಿಸಿ ಎದ್ದು ಬಂದರು.

"ಮೆನುವಿಗೆ ಹಾಕುವ, ಬೇಡ ಹೇಳುದಿಲ್ಲ. ಅದರ ಮೇಲೆ ಸಾಂಬಾರ್ ಬೀಳ್ತದೆ. ಮದುವೆ ಕಾಗದದ ಮೇಲೆ ಯಾರು ಮಾರಾಯ್ರೆ ಸಾಂಬಾರ್ ಚೆಲ್ಲುದು?"

"ಗ್ರ್ಯಾಂಡ್ ಕಾಣ್ಬೇಕಲ್ಲ ವಾಸಣ್ಣ."

"ಮದುವೆ ಒಂದು ದಿನ. ಆ ಪ್ಲಾಸ್ಟಿಕ್ ನಿಮ್ಮ ಮೊಮ್ಮಕ್ಕಳ ಮದುವೆಗೂ ಹಾಗೇ ಇರ್ತದೆ. ಅಂಟಿಸಿದ ಮೇಲೆ ಅದು ಮತ್ತೆ ಕಾಗದ ಆಗುದಿಲ್ಲ. ಅದಕ್ಕೆ ಇನ್ನೊಂದು ಜನ್ಮ ಇಲ್ಲ, ಗೊತ್ತುಂಟಾ?"

ಯಜಮಾನರು ನಕ್ಕು ಒಪ್ಪಿಕೊಂಡರು. ಬರಿಯ ಕಾಗದದ ಮೇಲೆ, ಕುಂಕುಮ ಬಣ್ಣದಲ್ಲಿ, ಆ ಆಮಂತ್ರಣ ಎಷ್ಟು ಚೆನ್ನಾಗಿತ್ತೆಂದರೆ ನಾನು ಒಂದನ್ನು ಮನೆಗೆ ತಂದಿಟ್ಟುಕೊಂಡೆ. ಮದುವೆಗೇನೂ ನನ್ನನ್ನು ಕರೆದಿರಲಿಲ್ಲ.

ಆದರೆ ವಾಸಣ್ಣನ ನಿಜವಾದ ಸಂಕಟ ಕಾಗದದ್ದಲ್ಲ, ಹಿತ್ತಲ ಗಟಾರದ್ದು. ಬಣ್ಣ ಬದಲಿಸುವಾಗ ಮಷೀನಿನ ರೋಲರು ತೊಳೆಯಬೇಕು. ತೊಳೆದ ನೀರು, ಔಷಧಿ, ಇಂಕು ಎಲ್ಲ ಹಿಂದಿನ ಗಟಾರಕ್ಕೆ ಹೋಗುತ್ತಿತ್ತು, ಅಲ್ಲಿಂದ ನಾಲೆಗೆ, ನಾಲೆಯಿಂದ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ. ಊಟದ ಹೊತ್ತಿಗೆ ಡಬ್ಬಿ ಹಿಡಿದು ಹಿಂದಿನ ಬಾಗಿಲಲ್ಲಿ ಕೂತವರು ಗಟಾರ ನೋಡಿ ನನಗೆ ವರದಿ ಒಪ್ಪಿಸುವರು. "ಇವತ್ತು ರಾಣಿ ಬಣ್ಣ, ಕಡು ಗುಲಾಬಿ." "ಇವತ್ತು ನೀಲಿ, ಸೀರೆ ಅಂಗಡಿಯ ಕೆಲಸ ಅಲ್ವಾ?" ನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳಿದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ನೆಲದಡಿ ಒಂದು ಟ್ಯಾಂಕ್ ಕಟ್ಟಿಸಿದ್ರೆ ಸಾಕು ಸುಮಾ. ಕೊಳೆ ಕೆಳಗೆ ಕೂರ್ತದೆ, ಡ್ರಮ್ಮಿಗೆ ತುಂಬಿಸಿ ಕೊಳೆ ಸಾಗಿಸುವವರಿಗೆ ಕೊಡುದು. ಈ ಗಟಾರದಲ್ಲಿ ಬಣ್ಣ ಇಲ್ಲದ ನೀರು ಒಂದು ದಿನ ನೋಡ್ಬೇಕು. ಮತ್ತೆ ನನಗೆ ಎಂತದೂ ಬೇಡ, ಊರಿಗೆ ಹೋಗಿ ಕೂರ್ತೇನೆ."

ನಮ್ಮ ಶೇಠ್ ಕೆಟ್ಟವರಲ್ಲ, ಆದರೆ ಅವರ ಕೈ ಜೇಬಿಗೆ ಹೋಗಲು ವರ್ಷಗಳು ಬೇಕು. ವಾಸಣ್ಣ ಬಿಡಲಿಲ್ಲ. ದಿನಾ ಹೇಳಿ, ಕಾಡಿ, ಬೇಡಿ, ಅಂತೂ ಒಂದು ಬೇಸಿಗೆಯಲ್ಲಿ ಒಪ್ಪಿಸಿದರು. ಮಳೆಗಾಲ ಕಳೆದ ಮೇಲೆ ಟ್ಯಾಂಕ್ ಎಂದು ಮಾತಾಯಿತು. ಅವತ್ತು ಇಡೀ ಪ್ರೆಸ್ಸಿಗೆ ವಡಾಪಾವ್ ತರಿಸಿದರು. ಕಾಗದದ ಪೊಟ್ಟಣ ಬಿಸಾಡಬೇಡಿ ಎಂದು ತಾವೇ ಎಲ್ಲರಿಂದ ವಾಪಸು ತೆಗೆದುಕೊಂಡರು ಅನ್ನುವುದು ಬೇರೆ ಮಾತು.

ಆ ಟ್ಯಾಂಕನ್ನು ಕಳೆದವಳು ನಾನು.

ಅದೇ ಬೇಸಿಗೆಯ ಕೊನೆಗೆ ಒಂದು ಶಾಲೆಯ ಡೈರಿಯ ಕೆಲಸ ಬಂತು. ದೊಡ್ಡ ಕೆಲಸ. ಪುಟ ಜೋಡಿಸುವಾಗ ನೋಡಿದೆ, ಪ್ರತಿ ಹಾಳೆಯಲ್ಲೂ ಅಗಲವಾದ ಒಂದು ಅಂಚು ದಂಡವಾಗುತ್ತಿದೆ. ಪುಟಗಳನ್ನು ಅಡ್ಡ ತಿರುಗಿಸಿದೆ. ಆಹಾ! ಅಂಚು ಮಾಯ, ಹಾಳೆಗೆ ಇನ್ನೂ ನಾಲ್ಕು ಪುಟ ಕೂತವು. ರಾಶಿ ರಾಶಿ ಕಾಗದ ಉಳಿತಾಯ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ನಕ್ಷೆ ಹಿಡಿದು ಓಡಿದೆ.

ವಾಸಣ್ಣ ನಕ್ಷೆ ನೋಡಿದರು, ಬಂಡಲ್ ನೋಡಿದರು. "ಬಾಣ ಅಡ್ಡ ಆಯ್ತಲ್ಲ ಮಾರಾಯ್ತಿ. ಬೆನ್ನು ಈಚೆ, ಎಳೆ ಆಚೆ."

"ಸ್ವಲ್ಪ ಅಡ್ಡ ಆದ್ರ ಏನಾಗ್ತದ್ರೀ? ದಿನಾ ಬೆಳಗಾದ್ರ ಕಾಗದ ಉಳಸು, ಕಾಗದ ಉಳಸು ಅಂತೀರಿ. ಉಳಿಸಿ ತಂದ್ರ ಬ್ಯಾಡ ಅಂತೀರಿ!"

ನನ್ನ ದನಿ ಜೋರಾಗಿತ್ತು. ಸುತ್ತ ನಾಲ್ಕು ಜನ ಕೇಳುತ್ತಿದ್ದರು. ವಾಸಣ್ಣ ನಕ್ಷೆಯನ್ನು ಇನ್ನೊಮ್ಮೆ, ತುಂಬ ಹೊತ್ತು, ನೋಡಿದರು. ಆಮೇಲೆ ಕತ್ತರಿ ಮಷೀನಿಗೆ ಕಾಗದ ಏರಿಸಿದರು. ನಾನು ಗೆದ್ದೆ ಅಂದುಕೊಂಡೆ. ಎಂಥ ದಡ್ಡಿ ನಾನು!

ಅಚ್ಚು ಮುಗಿದು ಮೊದಲ ಕೆಲವು ಡೈರಿಗಳು ಬೈಂಡಿಂಗಿನಿಂದ ಬಂದ ವಾರವೇ ಮಳೆ ಹಿಡಿಯಿತು. ತೇವ ಕುಡಿದ ಪುಟಗಳು ಹಪ್ಪಳದಂತೆ ಎದ್ದವು. ರಟ್ಟು ಮುಚ್ಚಿದರೆ ತಾನೇ ಬಾಯಿ ತೆರೆಯುತ್ತಿತ್ತು. ಶಾಲೆಯವರು ಒಂದನ್ನು ಮೇಜಿನ ಮೇಲಿಟ್ಟು ನೋಡಿ, ಇಡೀ ಕೆಲಸವನ್ನೇ ಬೇಡವೆಂದರು. ಎಲ್ಲ ಹೊಸ ಕಾಗದದಲ್ಲಿ ಮತ್ತೆ ಅಚ್ಚಾಗಬೇಕು. ನಾಲ್ಕು ಪುಟ ಉಳಿಸಲು ಹೋಗಿ ಎರಡು ಲಾರಿ ಕಾಗದ ಮಣ್ಣುಪಾಲು ಮಾಡಿದ್ದೆ.

ಶೇಠ್ ನಮ್ಮೆಲ್ಲರನ್ನೂ ನಿಲ್ಲಿಸಿ ಹಿಂದಿಯಲ್ಲಿ ಕೇಳಿದರು, ಇದು ಯಾರ ತಪ್ಪು? ಮನೆಯವರ ಕೆಲಸ ಹೋಗಿ ಆಗ ಎರಡು ತಿಂಗಳು, ಮನೆ ನಡೆಯುತ್ತಿದ್ದುದು ನನ್ನ ಪಗಾರದಲ್ಲಿ. ಹೇಳಬೇಕು, ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ವಾಸಣ್ಣ ಮುಂದೆ ಬಂದರು.

"ಬಾಣ ನನ್ನದು, ಶೇಠ್. ನೋಡಿಯೇ ಕತ್ತರಿಸಿದ್ದು."

ಟ್ಯಾಂಕಿಗೆಂದು ಇಟ್ಟಿದ್ದ ಹಣ ಆ ಮರುಮುದ್ರಣಕ್ಕೆ ಹೋಯಿತು. "ಪಹಲೇ ಕಾಗಜ್ ಬಚಾವೋ ವಾಸು, ಫಿರ್ ಪಾನಿ" ಎಂದರು ಶೇಠ್, ಮೊದಲು ಕಾಗದ ಉಳಿಸು, ಆಮೇಲೆ ನೀರು ಅಂತ. ಆಮೇಲೆ ಎಷ್ಟು ವರ್ಷ ಕೇಳಿದರೂ ಇದೇ ಉತ್ತರ. ಸಾಯಂಕಾಲ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಾನು ಅತ್ತೆ. ನಾಳೆಯೇ ಶೇಠ್‌ಗೆ ನಿಜ ಹೇಳುತ್ತೇನೆ ಎಂದೆ.

"ಎಂತ ನಿಜ? ಸುಳ್ಳು ಹೇಳಿದ್ದಲ್ಲ ನಾನು. ನಿನಗೆ ಗೊತ್ತಿರ್ಲಿಲ್ಲ, ತಿರುಗಿಸಿದೆ. ನನಗೆ ಗೊತ್ತಿತ್ತು. ಅಷ್ಟು ಕಾಗದ ಉಳಿಯುದು ನೋಡಿ ನನಗೂ ಆಸೆ ಆಯ್ತು ಮಾರಾಯ್ತಿ. ಆಸೆಯಲ್ಲಿ ಕತ್ತರಿಸಿದೆ. ಈಗ ನೆನಪಿಟ್ಟುಕೋ. ಎರಡನೇ ಸಲ ಅಚ್ಚು ಹಾಕುವ ಹಾಗೆ ಆಗ್ಬಾರ್ದು, ಕಾಗದ ಉಳಿಸುದು ಅಂದ್ರೆ ಅಷ್ಟೇ."

ಅಷ್ಟು ಹೇಳಿ ಕಿಕ್ಕಿರಿದ ದಿವಾ ಗಾಡಿಗೆ ನುಗ್ಗಿ ಹೋದರು. ನಾಳೆ ಹೇಳುತ್ತೇನೆ ಎಂದವಳು ನಾನು ಹೇಳಲಿಲ್ಲ. ನಾಳೆ ನಾಳೆ ಎಂದು ಆರು ವರ್ಷವಾಯಿತು. ಕೆಟ್ಟ ಆ ಡೈರಿ ಹಾಳೆಗಳನ್ನು ವಾಸಣ್ಣ ರದ್ದಿಗೆ ಕೊಡದೆ ಮಷೀನಿನ ಬಣ್ಣ ಕೂರಿಸಲು ಇಟ್ಟುಕೊಂಡರು. ವರ್ಷಗಟ್ಟಲೆ ನನ್ನ ತಪ್ಪು ದಿನಾ ಬೆಳಿಗ್ಗೆ ಮಷೀನಿನೊಳಗೆ ಹೋಗಿ, ಹೊಸ ಬಣ್ಣ ಹೊತ್ತು, ನನ್ನ ಕಣ್ಣೆದುರೇ ಆಚೆ ಬರುತ್ತಿತ್ತು. ಇತ್ತ ನಾನು ಮೇಲೇರಿ ಪ್ರೆಸ್ಸಿನ ಉಸ್ತುವಾರಿ ಆದೆ. ವಾಸಣ್ಣನೇ ಎಲ್ಲರಿಗಿಂತ ಮೊದಲು ಪೇಢೆ ಕೇಳಿದರು.

ಆರನೆಯ ವರ್ಷ ಉಸಿರಿನ ತೊಂದರೆ ಹೆಚ್ಚಾಗಿ ಅವರು ಕೆಲಸ ಬಿಟ್ಟರು. ದಿವಾದ ಮನೆ ಬಿಟ್ಟು ಘೋಡಬಂದರ್ ರಸ್ತೆಯಲ್ಲಿ ಮಗಳು ಸ್ಮಿತಾಳ ಫ್ಲ್ಯಾಟಿಗೆ ಹೋದರು. ಹೊಸ ವರ್ಷದ ಕ್ಯಾಲೆಂಡರ್ ಹಿಡಿದು ನೋಡಲು ಹೋದೆ. ಹದಿನೇಳನೆಯ ಮಹಡಿ. ಮೂಗಿಗೆ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಗುರುಗುಟ್ಟುವ ಯಂತ್ರ. "ಬಾಬಾ, ಜಾಸ್ತಿ ಬೋಲೂ ನಕಾ" ಎಂದು, ಹೆಚ್ಚು ಮಾತಾಡದಂತೆ ಅಪ್ಪನನ್ನು ಮರಾಠಿಯಲ್ಲಿ ಗದರಿಸಿ, ಸ್ಮಿತಾ ಚಹಾ ಮಾಡಲು ಹೋದಳು. ವಾಸಣ್ಣ ಕ್ಯಾಲೆಂಡರಿನ ಮೂಲೆ ಚಿವುಟಿ ನಾಲಿಗೆಗೆ ಮುಟ್ಟಿಸಿದರು. ಸುರುಳಿ ನೋಡಿ ತಲೆಯಾಡಿಸಿದರು. ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಆಮೇಲೆ ಕೇಳಿದರು. "ಸುಮಾ, ಇವತ್ತು ಯಾವ ಬಣ್ಣ?"

ಅವತ್ತು ಗಟಾರದಲ್ಲಿ ರಾಣಿ ಬಣ್ಣ ಹರಿಯುತ್ತಿತ್ತು. ನಾನೇ ನೋಡಿ ಬಂದಿದ್ದೆ. ಆ ನಳಿಕೆ, ಆ ಕಣ್ಣು ನೋಡಿ ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ.

"ಬಣ್ಣ ಇಲ್ರೀ ವಾಸಣ್ಣ. ಟ್ಯಾಂಕ್ ಕಟ್ಟಿಸಿದ್ವಿ. ಬರೇ ನೀರು."

ಅವರು ನನ್ನನ್ನೇ ನೋಡಿದರು. ಮೆಲ್ಲಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನನ್ನ ಕೈ ಮೇಲೆ ಕೈಯಿಟ್ಟು ಅಂದರು, "ಬಾಣ ಅಡ್ಡ ಉಂಟು ಮಾರಾಯ್ತಿ."

ಕಾಗದದ ಎಳೆ ಹಿಡಿದ ಹಾಗೆ ನನ್ನ ಸುಳ್ಳನ್ನೂ ಹಿಡಿದಿದ್ದರು. ಲಿಫ್ಟಿನಲ್ಲಿ ಇಳಿಯುವಾಗ ಅತ್ತುಬಿಟ್ಟೆ. ಯಾರೋ ಹತ್ತಿದರು, ನೋಡಿದರು, ನನಗೆ ನಾಚಿಕೆಯೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲೇ ಶೇಠ್ ಎದುರು ನಿಂತೆ. ಡೈರಿಯ ಪುಟ ತಿರುಗಿಸಿದ್ದು ನಾನು, ಟ್ಯಾಂಕ್ ನಿಂತದ್ದು ನನ್ನಿಂದ, ಬೇಕಿದ್ದರೆ ನನ್ನನ್ನು ತೆಗೆಯಿರಿ, ಆದರೆ ಟ್ಯಾಂಕ್ ಕಟ್ಟಿಸಿ ಎಂದೆ. ಶೇಠ್ ಚಹಾದ ಲೋಟ ಕೆಳಗಿಟ್ಟು ಹಿಂದಿಯಲ್ಲಿ ಹೇಳಿದರು: "ನನಗೆ ಅವತ್ತೇ ಗೊತ್ತಿತ್ತು. ಕಾಗದದ ವಿಷಯದಲ್ಲಿ ವಾಸು ತಪ್ಪುತ್ತಾನೆಯೇ? ನೀನಾಗಿ ಹೇಳ್ತೀಯೇನೋ ಅಂತ ನೋಡ್ತಿದ್ದೆ." ಆಮೇಲೆ ಕೆಲಸಗಾರರನ್ನು ಕರೆಸಿ ಹಿತ್ತಲು ಅಗೆಯಲು ಹೇಳಿದರು. ಆರು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದೇ ಆರು ವರ್ಷ ವಾಸಣ್ಣ ದಿನಾ ಗಟಾರದೆದುರು ಡಬ್ಬಿ ಬಿಚ್ಚಿ, ಅರ್ಧ ಉಂಡು ಮುಚ್ಚಿದ್ದರು.

ಟ್ಯಾಂಕ್ ಮುಗಿಯಲು ಎರಡು ತಿಂಗಳು ಹಿಡಿಯಿತು. ರೋಲರು ತೊಳೆದ ಮೊದಲ ದಿನ ನಾನು ಹಿಂದಿನ ಬಾಗಿಲಿಗೆ ಓಡಿದೆ. ಗಟಾರದಲ್ಲಿ ಯಾವ ಬಣ್ಣವೂ ಇರಲಿಲ್ಲ, ತಳದ ಸಿಮೆಂಟು ಕಾಣುತ್ತಿತ್ತು. ಫೋನಿನಲ್ಲಿ ವಿಡಿಯೊ ತೆಗೆದುಕೊಂಡು, ಈ ಸಲ ಬಾಣ ನೆಟ್ಟಗಿದೆ ಅಂತ ಹೇಳಬೇಕೆಂದು ವಾಸಣ್ಣನ ನಂಬರಿಗೆ ಹಚ್ಚಿದೆ. ಎತ್ತಿದ್ದು ಸ್ಮಿತಾ. ಅಲ್ಲಿಯವರೆಗೂ ನನ್ನ ಹತ್ತಿರ ಹಿಂದಿಯಲ್ಲೇ ಮಾತಾಡುತ್ತಿದ್ದ ಹುಡುಗಿ ಅವತ್ತು ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು. "ಸುಮಾ ಆಂಟಿ, ಬಾಬಾ ನಿನ್ನೆ ಹೋದ್ರು."

ಒಂದು ದಿನ. ಒಂದೇ ಒಂದು ದಿನ.

ಈಗಲೂ ಊಟದ ಹೊತ್ತಿಗೆ ಡಬ್ಬಿ ಹಿಡಿದು ಅದೇ ಬಾಗಿಲಲ್ಲಿ ಕೂರುತ್ತೇನೆ. ಹೊಸ ಬಂಡಲ್ ಬಂದರೆ ಮೂಲೆ ಹರಿದು ನಾನೇ ನೆಕ್ಕುತ್ತೇನೆ, ಹುಡುಗಿಯರು ನಗುತ್ತಾರೆ, ನಗಲಿ. ಇವತ್ತು ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ. ಆದರೂ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಗಟಾರ ನೋಡಿ ದಿನಾ ಹೇಳುತ್ತೇನೆ, ಬಣ್ಣ ಇಲ್ರೀ ವಾಸಣ್ಣ, ಬರೇ ನೀರು.