ಕಾಗೆ ಮುಟ್ಟಿದ ತಲೆ

ಸಾಹಿತ್ಯದಲ್ಲಿ ಕಾಗೆ ಸಾವಿನ ಸಂಕೇತ ಎಂದು ಶಹಾಪುರದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಅದು ಸಂಕೇತ ಅಷ್ಟೇ, ಹಕ್ಕಿಗೆ ಅದರ ಗೊಡವೆಯೇ ಇಲ್ಲ, ಹೆದರಬೇಡಿ ಎಂದು ಮಕ್ಕಳಿಗೆ ಧೈರ್ಯವನ್ನೂ ತುಂಬುತ್ತಿದ್ದೆ.

ಒಂದು ಬೆಳಿಗ್ಗೆ ಭೀಮರಾಯನಗುಡಿಯ ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೋಗಿದ್ದಾಗ, ಬೇವಿನ ಮರದಲ್ಲಿ ಗೂಡು ಕಟ್ಟಿದ್ದ ಕಾಗೆಯೊಂದು ನನ್ನ ಬೋಳು ನೆತ್ತಿಗೆ ಕುಕ್ಕಿ ಹೋಯಿತು. ಮರಿಗಳ ಕಾವಲಿಗಾಗಿ ಹಾಗೆ ಮಾಡಿತೆಂದು ನನಗೆ ಗೊತ್ತಿತ್ತು. ಆದರೂ ಮನೆ ಸೇರುವ ಹೊತ್ತಿಗೆ, ನಾಳೆ ನನ್ನ ಪಿಂಡ ಮುಟ್ಟಲು ಬರುವುದೂ ಇದೇ ಕಾಗೆಯಾದರೆ, ಹಳೆಯ ಸಿಟ್ಟಿಗೆ ಮುಟ್ಟದೆ ಹೋದರೆ ಏನು ಗತಿ ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿದ್ದೆ.

ಕಾಗೆ ತಲೆ ಮುಟ್ಟಿದವನು ಸತ್ತನೆಂದು ನಮ್ಮಲ್ಲಿ ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಅತ್ತರೆ ಸಾವು ಬಂದು ಹೋದಂತೆ, ಕಂಟಕ ಕಳೆದಂತೆ.

"ವಡಗೇರಾ ಅಕ್ಕಗ ಫೋನ್ ಹಚ್ಲೇನ್ರಿ?" ಎಂದಳು ಹೆಂಡತಿ.

"ಇವೆಲ್ಲ ಮೂಢನಂಬಿಕಿ," ಎಂದೆ. "ಸ್ಪೀಕರ್ ಹಾಕು."

ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು ಅವಳು, "ಅಕ್ಕಾ, ನಿಮ್ಮ ತಮ್ಮ ಹೋಗಿಬಿಟ್ರು" ಎಂದಳು.

ನನಗಾಗಿ ಹೊರಡುವ ಅಳುವನ್ನು ಕೇಳಲು ಉಸಿರು ಬಿಗಿಹಿಡಿದು ಕೂತೆ.

"ಅಂವಾ ಹಂಗೆಲ್ಲಾ ಹೋಗಾಂವಲ್ಲ ಬಿಡು," ಎಂದಳು ಅಕ್ಕ. "ಹೋಗೂದಾದ್ರ ಬಾಗಲದ ಕೀಲಿ ಮೂರು ಸಲ ಜಗ್ಗಿ ನೋಡಿ ಹೋಗ್ತಾನ. ಕಾಗಿ ಮುಟ್ಟೇದೇನು?"

ನಾನು ಫೋನ್ ಕಸಿದುಕೊಂಡೆ. "ಅಕ್ಕಾ, ಒಂದೀಟರೆ ಅಳು. ಇಲ್ಲಂದ್ರ ಕಂಟಕ ಹೋಗಂಗಿಲ್ಲ."

"ಸತ್ತಾಂವ ಮಾತಾಡಬಾರದೋ. ಉಳ್ಳಾಗಡ್ಡಿ ಹೆಚ್ಚಾಕತ್ತೇನಿ, ಕಣ್ಣಾಗ ನೀರು ಬರಾಕತ್ತಾವ. ಅದನ್ನ ನಿನ್ನ ಹೆಸರಿಗಿ ಹಿಡಕೋ," ಎಂದು ಫೋನ್ ಇಟ್ಟಳು.

ಉಳ್ಳಾಗಡ್ಡಿಯ ನೀರು ನಡೆಯುತ್ತದೋ ಇಲ್ಲವೋ ಎಂದು ಹೆಂಡತಿಯನ್ನು ನಾಲ್ಕು ಸಲ ಕೇಳಿದೆ. ಐದನೆಯ ಸಲಕ್ಕೆ ಅವಳು, "ಈಗ ನಾ ಅಳಬೇಕಾಗ್ತದ ನೋಡ್ರಿ" ಎಂದಳು.

ಮಧ್ಯಾಹ್ನ ಅಕ್ಕ ಬಸ್ಸಿಳಿದು ಬಂದಳು. ಬಾಗಿಲಲ್ಲೇ ನನ್ನ ತಲೆ ಬಗ್ಗಿಸಿ ಗಾಯ ನೋಡಿದಳು. "ಕೂದಲಾ ಇಲ್ಲದ ತಲಿಯಾಗ ಅದಕ್ಕರೆ ಏನು ಸಿಕ್ಕೀತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳಾಕತ್ತಿಯೇನಕ್ಕಾ?"

"ಬಸ್ಸಿನ ಧೂಳದು."

ಧೂಳಿನ ನೀರು ನಡೆಯುತ್ತದೋ ಎಂದು ಕೇಳಲು ಬಾಯಿ ತೆರೆದವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಒಂದು ಚಪ್ಪಲಿ ಅವಳದು, ಇನ್ನೊಂದು ಭಾವನದು.